ಡಿಸ್ಚಾರ್ಜ್ ಸಮ್ಮರಿಯ ಕೊನೇ ಸಾಲು

ನಮ್ಮ ದೊಡ್ಡಪ್ಪನ ಡಿಸ್ಚಾರ್ಜ್ ಸಮ್ಮರಿ ಆರು ಪುಟ ಇತ್ತು. ಎಂಆರ್‌ಐ ರಿಪೋರ್ಟು, ರಕ್ತ ಪರೀಕ್ಷೆಯ ಲೆಕ್ಕ, ಬೆಳಿಗ್ಗೆ ಯಾವ ಮಾತ್ರೆ ರಾತ್ರಿ ಯಾವ ಮಾತ್ರೆ ಅನ್ನುವ ಪಟ್ಟಿ, ಎಲ್ಲವೂ ಅಚ್ಚುಕಟ್ಟು. ಆರನೇ ಪುಟದ ಕೊನೆಯಲ್ಲಿ, ಡಾಕ್ಟರ್ ಸಹಿಗಿಂತ ಒಂದು ಸಾಲು ಮೇಲೆ, ಎರಡೇ ಎರಡು ಪದ: ‘ಫಿಸಿಯೋಥೆರಪಿ ಮುಂದುವರಿಸಿ’. ಯಾರು ಮುಂದುವರಿಸಬೇಕು? ಎಲ್ಲಿ? ದಿನಕ್ಕೆ ಎಷ್ಟು ಹೊತ್ತು? ಎಷ್ಟು ತಿಂಗಳು? ಏನೂ ಇಲ್ಲ. ಸ್ಟ್ರೋಕ್, ಅಂದರೆ ಲಕ್ವ ಹೊಡೆದು ಬಲಗೈ ಬಲಗಾಲು ಸೋತು, ಮಾತು ನಿಂತಿದ್ದ ಅರವತ್ತೆರಡು ವರ್ಷದ ಮನುಷ್ಯನನ್ನು ಒಂಬತ್ತನೇ ದಿನ ವೀಲ್‌ಚೇರಿನಲ್ಲಿ ಕೂರಿಸಿ, ಗೇಟಿನ ತನಕ ತಂದು, ಕ್ಯಾಬ್ ಹತ್ತಿಸಿ ಕಳಿಸಿದರು. ಕಾಮಾಕ್ಷಿಪಾಳ್ಯದ ಮನೆ ಮುಂದೆ ಕ್ಯಾಬ್ ನಿಂತಾಗಲೇ ನಮಗೆ ಹೊಳೆದದ್ದು, ಮನೆ ಇರುವುದು ಮೊದಲನೇ ಮಹಡಿಯಲ್ಲಿ ಅಂತ.

ಆಸ್ಪತ್ರೆಯನ್ನು ಬೈಯೋಕೆ ಇದನ್ನು ಬರೆಯುತ್ತಿಲ್ಲ. ಜೀವ ಉಳಿಸಿದ್ದು ಅವರೇ. ಸ್ಟ್ರೋಕ್ ಆದ ಮೊದಲ ಕೆಲವು ಗಂಟೆಗಳ ಮಟ್ಟಿಗೆ ಬೆಂಗಳೂರು ಈಗ ನಿಜಕ್ಕೂ ಒಳ್ಳೇ ಊರು. ರಕ್ತ ಹೆಪ್ಪುಗಟ್ಟಿ ಆದ ಸ್ಟ್ರೋಕ್ ಆದರೆ 4.5 ಗಂಟೆಯೊಳಗೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಬಹುದು. ದೊಡ್ಡ ರಕ್ತನಾಳ ಕಟ್ಟಿದ್ದರೆ ತೊಡೆಯ ಹತ್ತಿರದಿಂದ ತೆಳು ಕೊಳವೆ ತೂರಿಸಿ ಹೆಪ್ಪನ್ನೇ ಎಳೆದು ತೆಗೆಯುತ್ತಾರೆ, ಕೆಲವರಿಗೆ ಇದನ್ನು 24 ಗಂಟೆ ತನಕವೂ ಮಾಡಬಹುದು. ಚಿಕಿತ್ಸೆ ಸಿಗದೆ ಕಳೆಯುವ ಒಂದೊಂದು ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶ ಸಾಯುತ್ತವೆ ಅನ್ನುವ ಲೆಕ್ಕವಿದೆ. ಹಾಗಾಗಿ ‘ಲಕ್ವ ಹೊಡೆದಿದೆ, ಊರಲ್ಲಿ ಸೊಪ್ಪಿನ ರಸ ಕೊಡೋರಿದ್ದಾರೆ’ ಅಂತ ಕಾರು ಹತ್ತುವವರನ್ನು, ಪಾರಿವಾಳದ ರಕ್ತ ಉಜ್ಜಿ ಅನ್ನುವವರನ್ನು ನೋಡಿದರೆ ಸಿಟ್ಟು ಬರುತ್ತದೆ. ಬೇಗ ಆಸ್ಪತ್ರೆಗೆ ಹೋಗಿ ಅನ್ನುವ ಮಾತು ಈಗ ಎಲ್ಲರೂ ಹೇಳುತ್ತಾರೆ, ಎಫ್‌ಎಂನಲ್ಲೂ ಬರುತ್ತದೆ. ನಾನು ಹೇಳಬೇಕಾದ್ದು ಅದರ ಮುಂದಿನ ಕತೆ.

ಜೀವ ಉಳಿದ ಮೇಲೆ ಏನು? ಸತ್ತ ನರಕೋಶ ಮತ್ತೆ ಹುಟ್ಟಲ್ಲ. ಹಾಗಾದರೆ ಸ್ಟ್ರೋಕ್ ಆದವರು ಮತ್ತೆ ನಡೆಯುತ್ತಾರಲ್ಲ, ಅದು ಹೇಗೆ? ಮೊದಲ ಕೆಲವು ದಿನ ಸಿಗುವ ಸುಧಾರಣೆಯಲ್ಲಿ ಒಂದು ಪಾಲು ಮಿದುಳಿನ ಬಾವು ಇಳಿದದ್ದರಿಂದ, ಸಾಯದೆ ಬರೀ ಮಂಕಾಗಿದ್ದ ಭಾಗಕ್ಕೆ ರಕ್ತ ಮತ್ತೆ ಹರಿದದ್ದರಿಂದ ಬರುತ್ತದೆ. ಆಮೇಲಿನದ್ದು ಬೇರೆ ಕೆಲಸ. ಸುತ್ತಮುತ್ತ ಉಳಿದ ನರಕೋಶಗಳು ಹೊಸ ಸಂಪರ್ಕ ಕಟ್ಟಿಕೊಂಡು, ಸತ್ತ ಭಾಗ ಮಾಡುತ್ತಿದ್ದ ಕೆಲಸವನ್ನು ಅಷ್ಟೋ ಇಷ್ಟೋ ಕಲಿಯುತ್ತವೆ. ಸಿಲ್ಕ್ ಬೋರ್ಡಿನಲ್ಲಿ ರಸ್ತೆ ಬಂದ್ ಆದರೆ ಬಿಟಿಎಂ ಗಲ್ಲಿಗಳಲ್ಲಿ ದಾರಿ ಹುಡುಕುತ್ತೇವಲ್ಲ, ಹಾಗೆ. ಗಲ್ಲಿ ಕಿರಿದು, ತಿರುವು ಜಾಸ್ತಿ, ಆದರೂ ತಲುಪಬಹುದು. ದಿನಾ ಅದೇ ದಾರಿಯಲ್ಲಿ ಹೋದರೆ ಮಾತ್ರ ಅಭ್ಯಾಸ ಆಗುತ್ತದೆ.

ಈ ಹೊಸ ದಾರಿ ಹುಡುಕುವ ಹುಮ್ಮಸ್ಸು ಮಿದುಳಿಗೆ ಯಾವಾಗಲೂ ಒಂದೇ ಥರ ಇರುವುದಿಲ್ಲ. 2021ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನ ನನ್ನನ್ನು ಬಹಳ ಕಾಡಿದೆ. 72 ರೋಗಿಗಳು. ಮಾಮೂಲಿ ಥೆರಪಿಯ ಜೊತೆಗೆ ಕೈಗೆ 20 ಗಂಟೆ ಹೆಚ್ಚುವರಿ ಅಭ್ಯಾಸ. ಒಂದು ಗುಂಪಿಗೆ ಮೊದಲ ತಿಂಗಳಲ್ಲಿ, ಇನ್ನೊಂದಕ್ಕೆ ಎರಡು-ಮೂರನೇ ತಿಂಗಳಲ್ಲಿ, ಮತ್ತೊಂದಕ್ಕೆ ಆರು ತಿಂಗಳಾದ ಮೇಲೆ. ಎಲ್ಲಕ್ಕಿಂತ ಜಾಸ್ತಿ ಲಾಭ ಆದದ್ದು ಎರಡು-ಮೂರನೇ ತಿಂಗಳಲ್ಲಿ ಮಾಡಿದವರಿಗೆ. ಮೊದಲ ತಿಂಗಳಿನವರಿಗೂ ಆಯಿತು, ಸ್ವಲ್ಪ ಕಡಿಮೆ. ಆರು ತಿಂಗಳ ನಂತರದವರಿಗೆ ಹೆಚ್ಚುವರಿ ಇಲ್ಲದವರಿಗಿಂತ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಚಿಕ್ಕ ಅಧ್ಯಯನ, ನಿಜ. ಆದರೆ ನಮ್ಮ ಲೆಕ್ಕಾಚಾರ ಎಷ್ಟು ತಲೆಕೆಳಗಾಗಿದೆ ನೋಡಿ. ಆಸ್ಪತ್ರೆಯ ದುಡ್ಡು, ಗಮನ, ನೆಂಟರ ಓಡಾಟ ಎಲ್ಲ ಮೊದಲ ಹತ್ತು ದಿನಕ್ಕೆ ಖರ್ಚಾಗುತ್ತದೆ. ಮಿದುಳು ಕಲಿಯೋಕೆ ತಯಾರಾಗಿ ಕೂತ ಎರಡನೇ ತಿಂಗಳಲ್ಲಿ ರೋಗಿ ಮನೆಯ ಹಾಲಿನಲ್ಲಿ ಟಿವಿ ನೋಡುತ್ತಿರುತ್ತಾನೆ.

ಹಾಗಂತ ಸ್ಟ್ರೋಕ್ ಆದ ದಿನವೇ ಎಬ್ಬಿಸಿ ಓಡಾಡಿಸಿ ಅಂತಲ್ಲ. ಅದನ್ನೂ ಪರೀಕ್ಷೆ ಮಾಡಿದ್ದಾರೆ. 5 ದೇಶಗಳ 56 ಆಸ್ಪತ್ರೆಗಳಲ್ಲಿ 2,104 ರೋಗಿಗಳ ಮೇಲೆ ನಡೆದ ‘ಅವರ್ಟ್’ ಅಧ್ಯಯನ 2015ರಲ್ಲಿ ಬಂತು. 24 ಗಂಟೆಯೊಳಗೇ ಎಬ್ಬಿಸಿ ಜಾಸ್ತಿ ಜಾಸ್ತಿ ನಿಲ್ಲಿಸಿ ನಡೆಸಿದವರು ಮೂರು ತಿಂಗಳಾದ ಮೇಲೆ ಮಾಮೂಲಿ ಆರೈಕೆಯವರಿಗಿಂತ ಸ್ವಲ್ಪ ಹಿಂದೆಯೇ ಇದ್ದರು. ಆದ್ದರಿಂದ ಮೊದಲ ದಿನ ಅವಸರ ಬೇಡ, ಆಮೇಲೆ ಸೋಮಾರಿತನ ಬೇಡ. ನಮ್ಮಲ್ಲಿ ಆಗುವುದು ಸರಿಯಾಗಿ ಇದರ ಉಲ್ಟಾ.

ಆಸ್ಪತ್ರೆಯ ಪುನಶ್ಚೇತನ (ರಿಹ್ಯಾಬ್) ಅಂದರೆ ಫಿಸಿಯೋ ಬಂದು ಕೈಕಾಲು ಎತ್ತಿ ಇಳಿಸುವುದು ಅಂತ ನಾನೂ ಅಂದುಕೊಂಡಿದ್ದೆ. ಅದು ಶುರುವಾಗುವುದು ಗಂಟಲಿನಿಂದ ಅನ್ನುವುದು ಗೊತ್ತಾದದ್ದು ಮೂರನೇ ದಿನ. ಅವತ್ತು ನೋಡೋಕೆ ಬಂದ ನೆಂಟರೊಬ್ಬರು ಪ್ರೀತಿಯಿಂದ ಎಳನೀರು ತಂದಿದ್ದರು. ಚಮಚದಲ್ಲಿ ಹಾಕೋಣ ಅಂತ ಬಗ್ಗಿದರು. ಪಕ್ಕದ ಬೆಡ್ಡಿನ ಹತ್ತಿರ ಇದ್ದ ಸಿಸ್ಟರ್ ಓಡಿ ಬಂದು ಕೈ ಹಿಡಿದರು. ‘ನುಂಗೋ ಟೆಸ್ಟ್ ಆಗದೆ ಒಂದು ಹನಿ ನೀರೂ ಕೊಡಬೇಡಿ’ ಅಂದರು. ನೆಂಟರಿಗೆ ಮುಖ ಸಪ್ಪಗಾಯಿತು. ಆದರೆ ಸಿಸ್ಟರ್ ಹೇಳಿದ್ದು ಸರಿ. ಸ್ಟ್ರೋಕ್ ಆದವರಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಜನಕ್ಕೆ ಮೊದಲ ದಿನಗಳಲ್ಲಿ ನುಂಗುವ ಕಷ್ಟ ಇರುತ್ತದೆ. ನಮಗೆ ನೀರು ನೆತ್ತಿಗೆ ಹತ್ತಿದರೆ ಕೆಮ್ಮಿ ಹೊರಹಾಕುತ್ತೇವೆ, ಅವರಲ್ಲಿ ಎಷ್ಟೋ ಜನಕ್ಕೆ ಕೆಮ್ಮೇ ಬರುವುದಿಲ್ಲ. ಸದ್ದಿಲ್ಲದೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ಸ್ಟ್ರೋಕಿನಿಂದ ಬದುಕಿದವರು ನ್ಯುಮೋನಿಯಾದಿಂದ ಹೋಗುವುದು ಹೀಗೆ. ತಮಾಷೆ ಅಂದರೆ ನಾವು ‘ಹಗುರ’ ಅಂದುಕೊಂಡ ನೀರು, ಎಳನೀರು, ಕಾಫಿಯೇ ನುಂಗೋಕೆ ಕಷ್ಟ. ರಾಗಿ ಅಂಬಲಿಯಷ್ಟು ಮಂದವಾಗಿದ್ದರೆ ಎಷ್ಟೋ ವಾಸಿ. ಇದನ್ನೆಲ್ಲ ನೋಡುವವರು ಸ್ಪೀಚ್ ಥೆರಪಿಸ್ಟ್. ಮಾತು ಕಲಿಸುವವರಿಗೂ ನುಂಗುವುದಕ್ಕೂ ಏನು ಸಂಬಂಧ ಅಂತ ನಾವೆಲ್ಲ ಕೇಳಿದೆವು. ಬಾಯಿ ಒಂದೇ ಅಲ್ವಾ?

ಇದರ ನಂತರ ಭುಜ. ಸೋತ ಕೈ ಅಂದರೆ ಬರೀ ಅಲ್ಲಾಡದ ಕೈ ಅಲ್ಲ, ಕೀಲನ್ನು ಹಿಡಿದಿಟ್ಟುಕೊಳ್ಳುವ ಸ್ನಾಯುಗಳೂ ಕೈಬಿಟ್ಟಿರುತ್ತವೆ. ಆ ಕೈಯ ಪೂರ್ತಿ ತೂಕ ಕೀಲಿನ ಮೇಲೆ ಜೋತುಬಿದ್ದಿರುತ್ತದೆ. ರೋಗಿಯನ್ನು ಮೇಲೆ ಎಳೆಯೋಕೆ ಕಂಕುಳಿಗೆ ಕೈ ಹಾಕಿ ಎತ್ತಿದರೆ, ಶರ್ಟ್ ತೊಡಿಸೋಕೆ ಆ ಕೈಯನ್ನೇ ಹಿಡಿದು ಜಗ್ಗಿದರೆ ಭುಜ ಜಾರುತ್ತದೆ. ಆಮೇಲೆ ತಿಂಗಳುಗಟ್ಟಲೆ ನೋವು. ನೋವಿದ್ದರೆ ವ್ಯಾಯಾಮ ಇಲ್ಲ, ವ್ಯಾಯಾಮ ಇಲ್ಲದಿದ್ದರೆ ಕೈ ಇಲ್ಲ. ಶರ್ಟ್ ತೊಡಿಸುವಾಗ ಸೋತ ಕೈ ಮೊದಲು, ಬಿಚ್ಚುವಾಗ ಒಳ್ಳೇ ಕೈ ಮೊದಲು. ಐದು ನಿಮಿಷದಲ್ಲಿ ಕಲಿಸಬಹುದಾದ ವಿಷಯ. ನಮಗೆ ಒಂಬತ್ತು ದಿನದಲ್ಲಿ ಯಾರೂ ಹೇಳಲಿಲ್ಲ. ಆಮೇಲೆ ಮನೆಗೆ ಬರುತ್ತಿದ್ದ ಫಿಸಿಯೋ ಹುಡುಗಿ ಹೇಳಿದ್ದು.

ಮಾತಿನ ಕತೆ ಇನ್ನೂ ವಿಚಿತ್ರ. ಸ್ಟ್ರೋಕ್ ಆದವರಲ್ಲಿ ಮೂವರಲ್ಲಿ ಒಬ್ಬರಿಗೆ ಮಾತು ಕೆಡುತ್ತದೆ ಅನ್ನುತ್ತಾರೆ. ಇದಕ್ಕೆ ಅಫೇಸಿಯಾ ಅಂತ ಹೆಸರು. ಬುದ್ಧಿ ಹೋಗಿರುವುದಿಲ್ಲ, ಪದ ಸಿಗುವುದಿಲ್ಲ ಅಷ್ಟೇ. ದೊಡ್ಡಪ್ಪ ನೀರು ಬೇಕಾದರೆ ‘ಅದು... ಅದು...’ ಅಂತ ಒದ್ದಾಡುತ್ತಿದ್ದರು. ಆದರೆ ಒಂದು ದಿನ ಹೊಸದಾಗಿ ಬಂದ ಅಟೆಂಡರ್ ಹುಡುಗ ಮಗ್ಗುಲು ತಿರುಗಿಸುವಾಗ ಒರಟಾಗಿ ಎಳೆದ. ಪೂರ್ತಿ ವಾಕ್ಯದ ಬೈಗುಳ ಒಂದು ಬಂತು ನೋಡಿ, ವ್ಯಾಕರಣ ಸಮೇತ! ದೊಡ್ಡಮ್ಮ ಅಳುತ್ತಲೇ ನಕ್ಕರು. ಬೈಗುಳ, ಒಂದು ಎರಡು ಮೂರು ಎಣಿಕೆ, ವಾರದ ಹೆಸರುಗಳು, ಶನಿವಾರದ ಭಜನೆ, ಇವು ನಾಲಿಗೆಗೆ ರೂಢಿಯಾಗಿ ಕೂತ ಮಾತುಗಳು. ಯೋಚಿಸಿ ಹೇಳುವ ಮಾತಿಗಿಂತ ಇವು ಬೇಗ ಬರುತ್ತವೆ. ಒಳ್ಳೇ ಥೆರಪಿಸ್ಟ್ ಅಲ್ಲಿಂದಲೇ ಶುರು ಮಾಡುತ್ತಾರೆ. ಇದಕ್ಕೆ ಬೆಂಗಳೂರಿನದೇ ಇನ್ನೊಂದು ತೊಡಕಿದೆ. ನಮ್ಮ ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ದೊಡ್ಡಪ್ಪನ ಲೇತ್ ಶಾಪಿನಲ್ಲಿ ತಮಿಳು, ಹಿಂದಿ. ಯಾವ ಭಾಷೆ ಮೊದಲು ವಾಪಸ್ ಬರುತ್ತದೋ ಹೇಳೋಕಾಗುವುದಿಲ್ಲ. ಥೆರಪಿಸ್ಟ್ ಇಂಗ್ಲಿಷಿನ ಕಾರ್ಡ್ ಹಿಡಿದು ‘ಆಪಲ್’ ತೋರಿಸಿದರೆ, ಗೊತ್ತಿಲ್ಲದೆ ಸುಮ್ಮನಿದ್ದಾರೋ ಮಾತು ಬಾರದೆ ಸುಮ್ಮನಿದ್ದಾರೋ ಹೇಗೆ ತಿಳಿಯಬೇಕು? ಪುಣ್ಯಕ್ಕೆ ನಮ್ಮ ರಾಜ್ಯದಲ್ಲಿ ಮೈಸೂರಿನ ವಾಕ್ ಶ್ರವಣ ಸಂಸ್ಥೆ ಅರವತ್ತರ ದಶಕದಿಂದಲೂ ಇದೆ, ಕನ್ನಡದಲ್ಲೇ ಮಾತಿನ ತೊಂದರೆ ಅಳೆಯುವ ಪರೀಕ್ಷೆಗಳೂ ಇವೆ. ಕನ್ನಡದಲ್ಲಿ ಮಾಡಿಸಿ ಅಂತ ನಾವು ಕೇಳಬೇಕು, ಅಷ್ಟೇ.

ಇನ್ನು ಮೆಟ್ಟಿಲು. 20-30 ಸೈಟಿನ ಮನೆ, ಕೆಳಗೆ ಬಾಡಿಗೆ, ಮೇಲೆ ಓನರ್, ಹೊರಗಡೆಯಿಂದ ಎರಡಡಿ ಅಗಲದ ಮೆಟ್ಟಿಲು. ಬೆಂಗಳೂರಿನ ಅರ್ಧ ಮನೆಗಳು ಹೀಗೇ ತಾನೇ? ಹತ್ತುವಾಗ ಎಡಕ್ಕೆ ಗೋಡೆ, ಬಲಕ್ಕೆ ಕಂಬಿ. ದೊಡ್ಡಪ್ಪನ ಸೋತ ಕೈ ಬಲಗೈ. ಅಂದರೆ ಇಳಿಯುವಾಗ ಕಂಬಿ ಒಳ್ಳೇ ಕೈಗೆ ಸಿಗುತ್ತದೆ, ಹತ್ತುವಾಗ ಹಿಡಿಯೋಕೆ ಏನೂ ಇಲ್ಲ. ಆಸ್ಪತ್ರೆಗೆ ಹೋಗುವುದು ಬಿಟ್ಟರೆ ಒಂದೂವರೆ ತಿಂಗಳು ಅವರು ಮನೆ ಬಿಟ್ಟು ಇಳಿಯಲೇ ಇಲ್ಲ. ಇಳಿದರೆ ಹತ್ತಿಸೋಕೆ ಇಬ್ಬರು ಬೇಕು. ಆಸ್ಪತ್ರೆಗೆ ಫಾಲೋಅಪ್ ಅಂದರೆ ನಮಗೆ ಮದುವೆ ಮನೆ ಸಂಭ್ರಮ. ಕೊನೆಗೆ ಅವರ ಶಾಪಿನ ಹುಡುಗನೇ ಒಂದು ಭಾನುವಾರ ಬಂದು ಎಡಗಡೆ ಗೋಡೆಗೆ ಪೈಪ್ ಕೂರಿಸಿದ. ಅರ್ಧ ದಿನದ ಕೆಲಸ. ಹತ್ತುವಾಗ ಒಳ್ಳೇ ಕಾಲು ಮೊದಲು, ಇಳಿಯುವಾಗ ಸೋತ ಕಾಲು ಮೊದಲು ಅಂತ ಫಿಸಿಯೋ ಹೇಳಿಕೊಟ್ಟಳು. ಮುಂದಿನ ವಾರ ದೊಡ್ಡಪ್ಪ ಬೀದಿ ತುದಿಯ ಕಾಫಿ ಅಂಗಡಿ ತನಕ ಹೋದರು.

ಮನೆಯ ಮೆಟ್ಟಿಲು ಎಷ್ಟು, ಕಂಬಿ ಯಾವ ಕಡೆ, ಟಾಯ್ಲೆಟ್ ಇಂಡಿಯನ್ನೋ ಕಮೋಡೋ, ಬಚ್ಚಲಿನ ಹೊಸ್ತಿಲು ಎಷ್ಟೆತ್ತರ, ಇದನ್ನು ಡಿಸ್ಚಾರ್ಜಿಗೆ ಮೊದಲೇ ಕೇಳುವುದು ಆಕ್ಯುಪೇಷನಲ್ ಥೆರಪಿಸ್ಟ್ ಕೆಲಸ. ಹೆಸರಿನಲ್ಲಿ ಆಕ್ಯುಪೇಷನ್ ಇದೆ ಅಂತ ನೌಕರಿಗೆ ಸಂಬಂಧಿಸಿದ್ದು ಅಂದುಕೊಳ್ಳಬೇಡಿ. ಅನ್ನ ಕಲಸಿ ತಿನ್ನುವುದು, ಲುಂಗಿ ಕಟ್ಟುವುದು, ಗುಂಡಿ ಹಾಕುವುದು, ಫೋನ್‌ಪೇ ಪಿನ್ ಒತ್ತುವುದು, ಎಲ್ಲ ಅವರದ್ದೇ. ಫಿಸಿಯೋ ನಿಮ್ಮನ್ನು ಬಚ್ಚಲಿನ ತನಕ ನಡೆಸುತ್ತಾರೆ, ಒಳಗೆ ಹೋದ ಮೇಲೆ ಏನು ಮಾಡಬೇಕು ಅನ್ನುವುದನ್ನು ಇವರು ಕಲಿಸುತ್ತಾರೆ. ನಾವಿದ್ದ ಆಸ್ಪತ್ರೆಯಲ್ಲಿ ಇಂಥವರು ಇದ್ದರೋ ಇಲ್ಲವೋ, ನಮ್ಮ ಬೆಡ್ಡಿನ ಹತ್ತಿರವಂತೂ ಬರಲಿಲ್ಲ.

ಈಗ ಪ್ರಮಾಣದ ಪ್ರಶ್ನೆ. ಮಾತ್ರೆಗೆ ಇಷ್ಟು ಮಿಲಿಗ್ರಾಂ ಅಂತ ಇರುತ್ತದಲ್ಲ, ಥೆರಪಿಗೂ ಹಾಗೇ ಇದೆ. ಇಲಿಗಳ ಮೇಲೆ, ಮಂಗಗಳ ಮೇಲೆ ಪ್ರಯೋಗ ಮಾಡಿ ಮಿದುಳು ಬದಲಾಗುವುದನ್ನು ತೋರಿಸಿದಾಗ ಅವು ದಿನಕ್ಕೆ ನೂರಾರು ಸಲ ಅದೇ ಚಲನೆ ಮಾಡಿರುತ್ತವೆ. ಮನುಷ್ಯರ ಥೆರಪಿಯಲ್ಲಿ ಒಂದು ಸೆಷನ್ನಿಗೆ ಎಷ್ಟು ಸಲ ಆಗುತ್ತದೆ ಅಂತ ಉತ್ತರ ಅಮೆರಿಕದಲ್ಲಿ ಕೂತು ಎಣಿಸಿ 2009ರಲ್ಲಿ ಪ್ರಕಟಿಸಿದರು. ಕೈಗೆ ಕೆಲಸ ಕೊಡುವ ಚಲನೆ ಸರಾಸರಿ 32. ಅದೂ ಅಷ್ಟು ಸೌಕರ್ಯ ಇರುವ ಕಡೆ! ಇಂಗ್ಲೆಂಡಿನಲ್ಲಿ ಹಿಂದೆ ದಿನಕ್ಕೆ 45 ನಿಮಿಷ ಅಂತಿದ್ದ ಶಿಫಾರಸನ್ನು 2023ರಲ್ಲಿ ಬದಲಾಯಿಸಿ, ಬೇಕಾದವರಿಗೆ ದಿನಕ್ಕೆ ಕನಿಷ್ಠ 3 ಗಂಟೆ, ವಾರಕ್ಕೆ ಕನಿಷ್ಠ 5 ದಿನ ಅಂತ ಮಾಡಿದರು. ನಮ್ಮ ವಾರ್ಡಿನಲ್ಲಿ ಫಿಸಿಯೋ ದಿನಕ್ಕೆ ಒಂದು ಸಲ ಬರುತ್ತಿದ್ದರು, ನಾನು ಗಡಿಯಾರ ನೋಡಿದ್ದೇನೆ, ಹದಿನೈದರಿಂದ ಇಪ್ಪತ್ತು ನಿಮಿಷ. ಭಾನುವಾರ ರಜಾ. ಪಾಪ, ಅವರಿಗೆ ನೋಡಬೇಕಾದ ಬೆಡ್ಡುಗಳೂ ಅಷ್ಟಿದ್ದವು.

ಉಳಿದ ಇಪ್ಪತ್ಮೂರೂವರೆ ಗಂಟೆ ಏನಾಗುತ್ತದೆ? 2004ರಲ್ಲಿ ಪ್ರಕಟವಾದ ಅಧ್ಯಯನಕ್ಕಾಗಿ ಮೆಲ್ಬರ್ನಿನ ಆಸ್ಪತ್ರೆಗಳಲ್ಲಿ ನೋಡಿದಾಗ ಸ್ಟ್ರೋಕ್ ರೋಗಿಗಳು ಹಗಲಿನ ಅರ್ಧಕ್ಕಿಂತ ಜಾಸ್ತಿ ಹೊತ್ತು ಹಾಸಿಗೆಯಲ್ಲೇ ಇದ್ದರು, ನೂರಕ್ಕೆ ಅರವತ್ತು ಪಾಲು ಹೊತ್ತು ಒಬ್ಬರೇ ಇದ್ದರು. ನಮ್ಮಲ್ಲಿ ಒಬ್ಬರೇ ಇರುವ ಪ್ರಶ್ನೆಯೇ ಇಲ್ಲ, ಬಿಡಿ. ಬೆಡ್ ಪಕ್ಕ ಹೆಂಡತಿ, ಬಾಗಿಲಲ್ಲಿ ಮಗ, ಕೆಳಗೆ ಲಾಬಿಯಲ್ಲಿ ಇನ್ನೂ ನಾಲ್ಕು ಜನ. ನಮ್ಮ ತೊಂದರೆ ಬೇರೆ. ನಾವು ಎಲ್ಲವನ್ನೂ ಮಾಡಿಕೊಡುತ್ತೇವೆ. ತುತ್ತು ಮಾಡಿ ತಿನ್ನಿಸುತ್ತೇವೆ, ಮೂಗು ಒರೆಸುತ್ತೇವೆ, ಚಾದರ ಎಳೆಯೋಕೆ ಕೈ ಎತ್ತಿದರೆ ‘ಅಯ್ಯೋ ನೀವು ಸುಮ್ನಿರಿ’ ಅನ್ನುತ್ತೇವೆ. ಸುಮ್ಮನಿದ್ದ ಕೈಯನ್ನು ಮಿದುಳು ಬೇಗ ಮರೆಯುತ್ತದೆ. ಒಳ್ಳೇ ಕೈಯಲ್ಲೇ ಎಲ್ಲ ಮಾಡಿಕೊಳ್ಳುವ ಅಭ್ಯಾಸ ಆಗಿ, ಸ್ವಲ್ಪ ಶಕ್ತಿ ಇದ್ದ ಕೈಯೂ ಮೂಲೆಗೆ ಬೀಳುತ್ತದೆ. ಇದಕ್ಕೆ ಮದ್ದು ಅಂತಲೇ ಒಂದು ವಿಧಾನ ಇದೆ: ಒಳ್ಳೇ ಕೈಗೆ ದಪ್ಪ ಗವಸು ಹಾಕಿ, ಎಚ್ಚರವಿರುವ ಹೊತ್ತಿನ ಹೆಚ್ಚಿನ ಪಾಲು ಸೋತ ಕೈಯಲ್ಲೇ ಕೆಲಸ ಮಾಡಿಸುವುದು. 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಮೆರಿಕದ 222 ರೋಗಿಗಳ ಪೈಕಿ ಹೆಚ್ಚುಕಮ್ಮಿ ಅರ್ಧ ಜನಕ್ಕೆ ಎರಡು ವಾರ ಮಾಡಿಸಿ ನೋಡಿದಾಗ ಲಾಭ ಕಂಡಿತು, ಒಂದು ವರ್ಷದ ನಂತರವೂ ಉಳಿದಿತ್ತು. ಬೆರಳು, ಮಣಿಕಟ್ಟು ಒಂದಿಷ್ಟಾದರೂ ಅಲ್ಲಾಡುವವರಿಗೆ ಮಾತ್ರ ಇದು. ದೊಡ್ಡಪ್ಪನಿಗೆ ನಾಲ್ಕನೇ ತಿಂಗಳಲ್ಲಿ ಇದನ್ನು ಶುರು ಮಾಡಿದಾಗ ದೊಡ್ಡಮ್ಮ ಎರಡು ದಿನ ಫಿಸಿಯೋ ಜೊತೆ ಮಾತು ಬಿಟ್ಟಿದ್ದರು. ಊಟಕ್ಕೆ ಮುಕ್ಕಾಲು ಗಂಟೆ, ಅರ್ಧ ಅನ್ನ ನೆಲಕ್ಕೆ. ಹೆಂಡತಿ ಕೂತು ಅದನ್ನು ನೋಡಬೇಕು ಅಂದರೆ ಹೇಗೆ?

ಸರಿ, ಹಾಗಾದರೆ ಆಸ್ಪತ್ರೆಯಲ್ಲೇ ಇನ್ನೊಂದು ತಿಂಗಳು ಇಟ್ಟುಕೊಂಡು ಇದನ್ನೆಲ್ಲ ಮಾಡಿಸಬಾರದಾ? ಇಲ್ಲಿ ದುಡ್ಡಿನ ಮಾತು ಬರುತ್ತದೆ. ನಿಮ್ಮ ಆರೋಗ್ಯ ವಿಮೆಯ ಪಾಲಿಸಿ ತೆಗೆದು, ಏನೇನಕ್ಕೆ ಕೊಡಲ್ಲ ಅನ್ನುವ ಪುಟ ನೋಡಿ. ವಿಮಾ ಪ್ರಾಧಿಕಾರ ಎಲ್ಲ ಕಂಪನಿಗೂ ಒಂದೇ ಥರ ಮಾಡಿದ ಪಟ್ಟಿ ಅದು. ಅದರಲ್ಲಿ 05ನೇ ಸಂಖ್ಯೆಯ ಕಲಮು ವಿಶ್ರಾಂತಿ ಚಿಕಿತ್ಸೆ, ಪುನಶ್ಚೇತನ ಮತ್ತು ತಾತ್ಕಾಲಿಕ ಆರೈಕೆ ಮೂರನ್ನೂ ಒಂದೇ ಗಂಟಿಗೆ ಕಟ್ಟಿದೆ. ಬರೀ ಹಾಸಿಗೆ ವಿಶ್ರಾಂತಿಗೆ ಅಡ್ಮಿಟ್ ಆದರೆ ಕೊಡಲ್ಲ, ಸ್ನಾನ, ಬಟ್ಟೆ, ಓಡಾಟಕ್ಕೆ ಸಹಾಯ ಮಾಡುವ ಆರೈಕೆಗೂ ಕೊಡಲ್ಲ ಅನ್ನುವುದು ಅದರ ತಾತ್ಪರ್ಯ. ಈ ಕಲಮು ಬರೆದವರ ಮನಸ್ಸಿನಲ್ಲಿ ಬಹುಶಃ ರೆಸಾರ್ಟಿನಂಥ ಜಾಗಕ್ಕೆ ಹೋಗಿ ಮಲಗಿ ಬಿಲ್ ಕಳಿಸುವವರು ಇದ್ದರೇನೋ. ಆದರೆ ಸ್ಟ್ರೋಕ್ ಆದವನಿಗೆ ಸ್ನಾನ ಮಾಡಿಕೊಳ್ಳೋಕೆ, ಬಟ್ಟೆ ಹಾಕಿಕೊಳ್ಳೋಕೆ, ಓಡಾಡೋಕೆ ಮತ್ತೆ ಕಲಿಸುವುದೇ ಚಿಕಿತ್ಸೆ. ಮಾಡಿಕೊಡುವುದು ಬೇರೆ, ಮಾಡಿಕೊಳ್ಳೋಕೆ ಕಲಿಸುವುದು ಬೇರೆ. ಆ ಕಲಮಿಗೆ ಈ ಎರಡರ ವ್ಯತ್ಯಾಸ ಗೊತ್ತಿಲ್ಲ. ನನ್ನ ಪ್ರಕಾರ ಇಡೀ ಸಮಸ್ಯೆಯ ಬೇರು ಇದೇ. ಹೊರರೋಗಿಯಾಗಿ ಮಾಡಿಸುವ ಥೆರಪಿಗೆ ಕೆಲವು ಪಾಲಿಸಿಗಳಲ್ಲಿ ಡಿಸ್ಚಾರ್ಜ್ ಆದ 60 ಅಥವಾ 90 ದಿನದ ತನಕ ಸಿಗುತ್ತದೆ, ಕೆಲವರಿಗೆ 180. ಅದಕ್ಕೂ ಡಾಕ್ಟರ್ ಬರೆದುಕೊಟ್ಟಿರಬೇಕು, ರಸೀದಿ ಇರಬೇಕು. ‘ಫಿಸಿಯೋಥೆರಪಿ ಮುಂದುವರಿಸಿ’ ಅನ್ನುವ ಎರಡು ಪದ ಸಾಲಲ್ಲ ಅಂತ ನಮ್ಮ ಕ್ಲೇಮ್ ವಾಪಸ್ ಬಂತು.

ಬಡವರಿಗೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಇದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ, ಎಪಿಎಲ್‌ನವರಿಗೆ ಪ್ಯಾಕೇಜಿನ ಶೇ 30ರಷ್ಟು, ಹೆಚ್ಚೆಂದರೆ 1.5 ಲಕ್ಷ. ಇದು ದೊಡ್ಡ ಆಸರೆ, ಅನುಮಾನವೇ ಇಲ್ಲ. ಆದರೆ ಕೇಂದ್ರದ ಯೋಜನೆಯ ನಿಯಮದಲ್ಲಿ ಡಿಸ್ಚಾರ್ಜ್ ಆದ ಮೇಲಿನ ಖರ್ಚು 15 ದಿನಕ್ಕೆ ನಿಲ್ಲುತ್ತದೆ. ಮಿದುಳು ಚೆನ್ನಾಗಿ ಕಲಿಯುವುದು ಎರಡು-ಮೂರನೇ ತಿಂಗಳಲ್ಲಿ ಅಂತ ಮೇಲೆ ಹೇಳಿದೆನಲ್ಲ, ಈ 15ನ್ನು ಅದರ ಪಕ್ಕ ಇಟ್ಟು ನೋಡಿ.

ಹೀಗಾಗಿ ಮನೆ. ಮನೆಗೆ ಬರುವ ಫಿಸಿಯೋಗೆ ಒಂದು ಸೆಷನ್ನಿಗೆ ಐನೂರರಿಂದ ಸಾವಿರ, ಏರಿಯಾ ನೋಡಿಕೊಂಡು. ತಿಂಗಳಿಗೆ ಇಪ್ಪತ್ತೈದು ದಿನ ಅಂದರೂ ಲೆಕ್ಕ ಹಾಕಿ. ಹಗಲು ನೋಡಿಕೊಳ್ಳುವ ಅಟೆಂಡರ್ ಬೇರೆ. ಲೇತ್ ಶಾಪ್ ಬೇರೆ ಬಂದ್. ಎರಡನೇ ತಿಂಗಳ ಕೊನೆಗೆ ಎಲ್ಲ ಮನೆಯಲ್ಲೂ ಒಂದು ಮಾತು ಬರುತ್ತದೆ: ‘ಅವರು ಮಾಡೋದನ್ನ ನೋಡಿಕೊಂಡಿದ್ದೀವಲ್ಲ, ನಾವೇ ಮಾಡಿಸೋಣ.’

ಈ ಮಾತು ಎಷ್ಟು ಸರಿ ಅನ್ನುವುದನ್ನು ಭಾರತದಲ್ಲೇ ಪರೀಕ್ಷೆ ಮಾಡಿದ್ದಾರೆ. ‘ಅಟೆಂಡ್’ ಅಂತ ಅಧ್ಯಯನ, 2017ರಲ್ಲಿ ಪ್ರಕಟವಾಯಿತು. ದೇಶದ 14 ಆಸ್ಪತ್ರೆ, 1,250 ರೋಗಿಗಳು. ಅರ್ಧ ಜನರ ಮನೆಯವರಿಗೆ ಆಸ್ಪತ್ರೆಯಲ್ಲೇ ತರಬೇತಿ ಕೊಟ್ಟು, ಮನೆಯಲ್ಲಿ ಎರಡು ತಿಂಗಳ ತನಕ ಮಾಡಿಸಿ ಅಂದರು. ಇನ್ನರ್ಧ ಜನಕ್ಕೆ ಮಾಮೂಲಿ ಆರೈಕೆ. ಆರು ತಿಂಗಳ ನಂತರ ತೀರಿಕೊಂಡವರು ಅಥವಾ ಬೇರೆಯವರನ್ನೇ ನೆಚ್ಚಿಕೊಂಡು ಇರಬೇಕಾದವರು ಎಷ್ಟು? ಎರಡೂ ಗುಂಪಿನಲ್ಲಿ ಶೇ 47. ಒಂದಿಷ್ಟೂ ವ್ಯತ್ಯಾಸ ಇಲ್ಲ. ಇದನ್ನು ಓದಿದಾಗ ನನಗೆ ಬೇಜಾರಾಯಿತು, ಯಾಕೆಂದರೆ ಕಡಿಮೆ ಖರ್ಚಿನಲ್ಲಿ ದೇಶಕ್ಕೆಲ್ಲ ಆಗುವ ದಾರಿ ಇದೊಂದೇ ಅಂತ ಬಹಳ ಜನ ಆಸೆ ಇಟ್ಟುಕೊಂಡಿದ್ದರು. ಹಾಗಂತ ಮನೆಯವರು ಕೈಕಟ್ಟಿ ಕೂರಬೇಕು ಅಂತ ಇದರ ಅರ್ಥ ಅಲ್ಲ. ನುಂಗುವಾಗ ಕೂರಿಸುವುದು, ಭುಜ ಕಾಪಾಡುವುದು, ಹಾಸಿಗೆ ಹುಣ್ಣು ಆಗದ ಹಾಗೆ ಮಗ್ಗುಲು ಬದಲಿಸುವುದು, ಬಿಪಿ ಮಾತ್ರೆ ತಪ್ಪದ ಹಾಗೆ ನೋಡುವುದು, ಇವೆಲ್ಲ ಅವರಿಂದಲೇ ಆಗಬೇಕು. ಆದರೆ ಕಲಿತವರು ನಾಲ್ಕು ವರ್ಷ ಓದಿ ಮಾಡುವ ಕೆಲಸವನ್ನು ಹೆಂಡತಿ ನಾಲ್ಕು ದಿನ ನೋಡಿ ಮಾಡಲಿ ಅನ್ನುವುದು ನ್ಯಾಯ ಅಲ್ಲ. ಅದರಲ್ಲೂ ಕೆಲಸ ಬೀಳುವುದು ಯಾರ ಮೇಲೆ ಅಂತ ಹೇಳಬೇಕಾ? ಹೆಂಡತಿ, ಸೊಸೆ, ಮಗಳು. ದೊಡ್ಡಮ್ಮನಿಗೆ ಈಗ ಬೆನ್ನುನೋವು.

ಮನೆಯಲ್ಲಿ ಸುಸ್ತಾದವರನ್ನು ಹುಡುಕಿಕೊಂಡು ಇನ್ನೊಂದು ಸಂತೆ ಬರುತ್ತದೆ. ರೋಬೋಟ್ ಕೈ, ಸ್ಟೆಮ್ ಸೆಲ್, ನರ ಬಲಪಡಿಸುವ ಇಂಜೆಕ್ಷನ್. ರೋಬೋಟ್ ಸಹಾಯದಿಂದ ಕೈ ಅಭ್ಯಾಸ ಮಾಡಿಸುವುದನ್ನು ಬ್ರಿಟನ್ನಿನಲ್ಲಿ 770 ಜನರ ಮೇಲೆ ನೋಡಿ 2019ರಲ್ಲಿ ಫಲಿತಾಂಶ ಕೊಟ್ಟರು: ಕೈಯ ಉಪಯೋಗ ಮಾಮೂಲಿ ಆರೈಕೆಯವರಿಗಿಂತ ಜಾಸ್ತಿ ಆಗಲಿಲ್ಲ. ಸ್ಟೆಮ್ ಸೆಲ್ ಅಂತ ಮೂಳೆಮಜ್ಜೆಯ ಕೋಶಗಳನ್ನು ಕೊಡುವುದನ್ನು ಭಾರತದಲ್ಲೇ 120 ರೋಗಿಗಳ ಮೇಲೆ ನೋಡಿ 2014ರಲ್ಲಿ ವರದಿ ಕೊಟ್ಟರು: ಅಪಾಯ ಆಗಲಿಲ್ಲ, ಪ್ರಯೋಜನವೂ ಆಗಲಿಲ್ಲ. ನಮ್ಮ ಡಾಕ್ಟರುಗಳು ಧಾರಾಳವಾಗಿ ಬರೆಯುವ ಸಿಟಿಕೋಲಿನ್ ಮಾತ್ರೆಯದ್ದೂ ಅಷ್ಟೇ, 2012ರಲ್ಲಿ ಬಂದ 2,298 ಜನರ ದೊಡ್ಡ ಅಧ್ಯಯನದಲ್ಲಿ ಲಾಭ ಕಾಣಲಿಲ್ಲ. ರೋಬೋಟಿನಿಂದ ಕೆಟ್ಟದ್ದೇನೂ ಆಗುವುದಿಲ್ಲ, ಅಭ್ಯಾಸದ ಸಂಖ್ಯೆ ಹೆಚ್ಚಿಸೋಕೆ ಅದೂ ಒಂದು ಸಾಧನ. ಆದರೆ ಆ ದುಡ್ಡಿನಲ್ಲಿ ಆರು ತಿಂಗಳು ಫಿಸಿಯೋ ಬರುತ್ತಾರೆ ಅನ್ನುವ ಲೆಕ್ಕವನ್ನು ಆ ಕೌಂಟರಿನಲ್ಲಿ ಯಾರೂ ಹೇಳಲ್ಲ.

ಬೆಂಗಳೂರಿನಲ್ಲಿ ಸರಿಯಾದ ಜಾಗಗಳೇ ಇಲ್ಲ ಅಂತಲ್ಲ. ನಿಮ್ಹಾನ್ಸ್‌ನಲ್ಲಿ ನರರೋಗ ಪುನಶ್ಚೇತನಕ್ಕೇ ಪ್ರತ್ಯೇಕ ವಿಭಾಗ ಇದೆ, ಅಡ್ಮಿಟ್ ಮಾಡಿಕೊಂಡು ಡಾಕ್ಟರ್, ಫಿಸಿಯೋ, ಆಕ್ಯುಪೇಷನಲ್, ಸ್ಪೀಚ್ ಎಲ್ಲರೂ ಒಂದೇ ರೋಗಿಯನ್ನು ನೋಡುವ ಪದ್ಧತಿ. ಸೇಂಟ್ ಜಾನ್ಸ್‌ನಲ್ಲೂ ಪುನಶ್ಚೇತನದ ವಿಭಾಗ ಇದೆ. ಖಾಸಗಿ ಪುನಶ್ಚೇತನ ಕೇಂದ್ರಗಳೂ ಈಚೆಗೆ ಸಾಕಷ್ಟು ಬಂದಿವೆ, ದುಡ್ಡಿದ್ದವರಿಗೆ. ಆದರೆ ಒಂದೂಕಾಲು ಕೋಟಿ ದಾಟಿದ ಊರಿಗೆ ಇವು ಎಲ್ಲಿ ಸಾಲುತ್ತವೆ? ಕಾಮಾಕ್ಷಿಪಾಳ್ಯದಿಂದ ನಿಮ್ಹಾನ್ಸ್ ಇರುವ ಹೊಸೂರು ರಸ್ತೆಗೆ ವಾರಕ್ಕೆ ಐದು ದಿನ ಆಟೋದಲ್ಲಿ ಹೋಗಿ ಬನ್ನಿ ಅಂದರೆ ಥೆರಪಿಗಿಂತ ಟ್ರಾಫಿಕ್ಕೇ ಜಾಸ್ತಿ ಹೊತ್ತು ತಿನ್ನುತ್ತದೆ.

ಅಕ್ಟೋಬರ್ 29 ಅಂದರೆ ನಮಗೆಲ್ಲ ಅಪ್ಪು ನೆನಪಾಗುತ್ತಾರೆ. ಅದೇ ದಿನ ವಿಶ್ವ ಸ್ಟ್ರೋಕ್ ದಿನವೂ ಹೌದು, ಕಾಕತಾಳೀಯ. ಅಪ್ಪು ಹೆಸರಿನಲ್ಲಿ ಸರ್ಕಾರ ‘ಹೃದಯ ಜ್ಯೋತಿ’ ಯೋಜನೆ ತಂದು, ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು ದೊಡ್ಡ ಆಸ್ಪತ್ರೆಯ ಸಲಹೆ ಪಡೆದು ಹೃದಯಾಘಾತಕ್ಕೆ ಇಂಜೆಕ್ಷನ್ ಕೊಡುವ ವ್ಯವಸ್ಥೆ ಮಾಡಿತು. ಒಳ್ಳೇ ಕೆಲಸ. ಮಿದುಳಿಗೂ 2022ರಲ್ಲಿ ನಿಮ್ಹಾನ್ಸ್ ಜೊತೆ ಸೇರಿ ಕರ್ನಾಟಕ ಮಿದುಳು ಆರೋಗ್ಯ ಕಾರ್ಯಕ್ರಮ ಶುರುವಾಯಿತು, ಜಯನಗರ ಜನರಲ್ ಆಸ್ಪತ್ರೆಯಂಥ ಕಡೆ ಮಿದುಳು ಆರೋಗ್ಯ ಕ್ಲಿನಿಕ್ ಬಂತು. ಈ ಜಾಲಕ್ಕೇ ಒಬ್ಬ ಫಿಸಿಯೋ, ಒಬ್ಬ ಸ್ಪೀಚ್ ಥೆರಪಿಸ್ಟ್, ಒಬ್ಬ ಆಕ್ಯುಪೇಷನಲ್ ಥೆರಪಿಸ್ಟನ್ನು ಪಕ್ಕಾ ಮಾಡಿ, ಪ್ರತಿ ವಿಧಾನಸಭಾ ಕ್ಷೇತ್ರಕ್ಕೆ ಒಂದು ಕಡೆ ಕೂರಿಸಿದರೆ ಸಾಕು, ಅರ್ಧ ಊರಿನ ಮನೆಗಳಿಗೆ ಉಸಿರು ಬರುತ್ತದೆ. ಹೊಸ ಕಟ್ಟಡ ಬೇಡ, ರಕ್ತನಾಳಕ್ಕೆ ಕೊಳವೆ ತೂರಿಸುವ ಕ್ಯಾಥ್ ಲ್ಯಾಬ್ ಬೇಡ. ಒಂದು ದೊಡ್ಡ ಕೋಣೆ, ಎರಡು ಮಂಚ, ಒಂದು ಕಂಬಿ, ನಾಲ್ಕು ಮೆಟ್ಟಿಲು, ಮೂರು ಸಂಬಳ. ರಿಬ್ಬನ್ ಕತ್ತರಿಸೋಕೆ ಇದರಲ್ಲಿ ಏನೂ ಇಲ್ಲದಿರುವುದೇ ತೊಡಕು.

‘ಆರು ತಿಂಗಳಾದ ಮೇಲೆ ಇನ್ನೇನೂ ಬರಲ್ಲ’ ಅನ್ನುವ ಮಾತೂ ಎಲ್ಲ ಕಡೆ ಕೇಳುತ್ತದೆ. ಆ 72 ಜನರ ಅಧ್ಯಯನ ಓದಿದವರಿಗೂ ಹಾಗನ್ನಿಸಬಹುದು. ಆದರೆ ಅಲ್ಲಿ ಕೊಟ್ಟದ್ದು 20 ಗಂಟೆ. ಲಂಡನ್ನಿನ ಕ್ವೀನ್ ಸ್ಕ್ವೇರ್ ನರರೋಗ ಆಸ್ಪತ್ರೆಯಲ್ಲಿ 3 ವಾರದಲ್ಲಿ 90 ಗಂಟೆ ಕೈಗೆ ಥೆರಪಿ ಕೊಟ್ಟು ನೋಡಿದರು. ಬಂದವರಲ್ಲಿ ಅರ್ಧ ಜನಕ್ಕೆ ಸ್ಟ್ರೋಕ್ ಆಗಿ ಒಂದೂವರೆ ವರ್ಷಕ್ಕೂ ಜಾಸ್ತಿ ಆಗಿತ್ತು. 2019ರಲ್ಲಿ ಪ್ರಕಟಿಸಿದ ಅವರ ಲೆಕ್ಕದಲ್ಲಿ 224 ಜನರಲ್ಲಿ ಒಳ್ಳೇ ಸುಧಾರಣೆ ಕಂಡಿತ್ತು, ಆರು ತಿಂಗಳ ನಂತರವೂ ಉಳಿದಿತ್ತು. ಇದರಲ್ಲಿ ಹೋಲಿಸಿ ನೋಡೋಕೆ ಬೇರೆ ಗುಂಪು ಇರಲಿಲ್ಲ ಅನ್ನುವುದನ್ನೂ ಹೇಳಬೇಕು. ಆದರೂ ತಡವಾದರೆ ಬಾಗಿಲು ಮುಚ್ಚುವುದಿಲ್ಲ, ತೆರೆಯೋಕೆ ಜಾಸ್ತಿ ಬಲ ಹಾಕಬೇಕು ಅಂತ ನಾನು ಅರ್ಥ ಮಾಡಿಕೊಂಡಿದ್ದೇನೆ. ಮತ್ತೆ, ಸ್ಟ್ರೋಕ್ ಆದ ಮೂವರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆ. ಮಾತು ಬಾರದವರು ಅದನ್ನು ಹೇಳಿಕೊಳ್ಳುವುದೂ ಇಲ್ಲ. ‘ಸಹಕರಿಸ್ತಿಲ್ಲ, ಹಠ ಮಾಡ್ತಾರೆ’ ಅಂತ ಮನೆಯವರು ಹೇಳುವಾಗ ಎಷ್ಟೋ ಸಲ ಅದು ಹಠ ಆಗಿರುವುದಿಲ್ಲ.

ಐದನೇ ತಿಂಗಳಿಗೆ ಫಾಲೋಅಪ್‌ಗೆ ಹೋದೆವು. ಡಾಕ್ಟರ್ ಬಿಪಿ ನೋಡಿದರು, ಕೈ ಹಿಡಿದು ‘ಒತ್ತಿ’ ಅಂದರು, ‘ಗುಡ್’ ಅಂದರು, ಚೀಟಿಯಲ್ಲಿ ಮಾತ್ರೆ ಬರೆದು ಕೆಳಗೆ ಮತ್ತೆ ಅದೇ ಎರಡು ಪದ ಬರೆದರು. ದೊಡ್ಡಮ್ಮ ಚೀಟಿ ತೆಗೆದುಕೊಳ್ಳಲಿಲ್ಲ. ‘ಏನು ಮಾಡಿಸಬೇಕು, ದಿನಕ್ಕೆ ಎಷ್ಟು ಹೊತ್ತು, ಯಾರು ಮಾಡಿಸಬೇಕು, ಎಷ್ಟು ತಿಂಗಳು, ಅದನ್ನ ಬರೆದುಕೊಡಿ ಸಾರ್. ಇನ್ಶೂರೆನ್ಸ್‌ನವರು ಕೇಳ್ತಾರೆ, ನಮಗೂ ಗೊತ್ತಾಗಬೇಕಲ್ಲ’ ಅಂದರು. ಹೊರಗೆ ಇನ್ನೂ ಮೂವತ್ತು ಜನ ಕಾಯುತ್ತಿದ್ದರು. ಡಾಕ್ಟರ್ ಒಂದು ಕ್ಷಣ ಪೆನ್ ಹಿಡಿದುಕೊಂಡೇ ಕೂತರು. ಆಮೇಲೆ ಫಿಸಿಯೋ ವಿಭಾಗಕ್ಕೆ ಫೋನ್ ಮಾಡಿ ಒಬ್ಬರನ್ನು ಕರೆಸಿದರು. ಇಬ್ಬರೂ ಕೂತು, ದೊಡ್ಡಪ್ಪನನ್ನು ಎಬ್ಬಿಸಿ ನಡೆಸಿ, ಕೈಗೆ ಲೋಟ ಕೊಟ್ಟು ಎತ್ತಿಸಿ, ಹನ್ನೊಂದು ಸಾಲು ಬರೆದರು. ಏಳನೇ ಸಾಲು: ‘ರಾತ್ರಿ ಊಟ ಬಲಗೈಯಲ್ಲೇ, ಮನೆಯವರು ಸಹಾಯ ಮಾಡಕೂಡದು.’ ದೊಡ್ಡಮ್ಮ ಅದನ್ನು ಎರಡು ಸಲ ಓದಿಸಿಕೊಂಡರು.